ಅಂಕಿಯ ಪಕ್ಕದ ‘ತಾ’

ಬೆಟಗೇರಿ ರಸ್ತೆಯ ನಮ್ಮ ಆಫೀಸಿಗೆ ಆ ಫೈಲು ಬಂದದ್ದು
ಮಂಗಳವಾರ, ಕರೆಂಟು ಹೋದ ಹೊತ್ತಿಗೆ.
ಮೇಲೊಂದು ಚೀಟಿ:
‘ಗದಗ ಕೇಂದ್ರ. ಈರುಳ್ಳಿ. ಮೂರನೇ ವಾರದ ದರ ನಂಬುವಂತಿಲ್ಲ.
ಮತ್ತೊಮ್ಮೆ ವಿಚಾರಿಸಿ ದೃಢೀಕರಿಸಿ.’
ಕೆಳಗೆ, ಅದೇ ಟ್ಯಾಗಿಗೆ ತಪ್ಪಿ ಪೋಣಿಸಿಕೊಂಡು
ನಮ್ಮಂಥವರ ಟೇಬಲ್ಲಿಗೆ ಬರಬಾರದ ಎರಡು ಹಾಳೆ.

ಒಂದು ಮುಂಬಯಿಯಿಂದ ಹೋದದ್ದು,
ಒಂದು ಸಮುದ್ರದಾಚೆಯ ಯಾವುದೋ ದ್ವೀಪದಿಂದ ಬಂದದ್ದು.
ಎರಡು ದೇಶದ ನೋಟಿಗೆ ಸಹಿ ಹಾಕುವ ಎರಡು ಕೈ
ಒಂದಕ್ಕೊಂದು ‘ಪ್ರಿಯ ಮಿತ್ರ’ ಎಂದು ಬರೆದುಕೊಂಡಿದ್ದವು.
ಓದಬಾರದಿತ್ತು.
ಓದಿದೆ, ನನ್ನ ಇಂಗ್ಲಿಷಿಗೆ ಸಿಕ್ಕಷ್ಟು.

ನಮ್ಮವರು ಬರೆದಿದ್ದರು:
ಮಸೂದೆ ಮಳೆಗಾಲದ ಅಧಿವೇಶನಕ್ಕೆ ಬರಲಿದೆ.
ಅಂಕಿಗಳೆಲ್ಲ ಇನ್ನು ಮಂತ್ರಿಗಳ ಅಂಕೆಗೆ.
ಅಲ್ಲಿಯತನಕ ಬೆಲೆಯ ಸೂಚ್ಯಂಕ ಏರದಿದ್ದರೆ ಒಳಿತೆಂದು
ಚಹಾ ಕುಡಿಸುತ್ತ ಹೇಳಿದರು. ಬಿಸ್ಕೀಟು ಚೆನ್ನಾಗಿತ್ತು.
ಬಡ್ಡಿ ಏರಿಸಲೋ ಇಳಿಸಲೋ ಎಂಬುದೀಗ
ನಾನು ಕಾಣದ ಊರೊಂದರ ಈರುಳ್ಳಿಯ ಮೇಲೆ ನಿಂತಿದೆ.

ಆಚೆಯವರ ಉತ್ತರ:
ಇಲ್ಲಿ ಆ ಕಾನೂನು ಹೋದ ವರ್ಷವೇ ಆಯಿತು.
ಜ್ವರ ನೋಡುವ ಕಡ್ಡಿ ಈಗ ರೋಗಿಯ ಭಾವಮೈದುನನ ಕೈಯಲ್ಲಿದೆ;
ಮನೆಮಂದಿಯೆಲ್ಲ ಆರೋಗ್ಯ.
ಕೊನೆಗೆ, ಟೈಪು ಮುಗಿದ ಮೇಲೆ, ಪೆನ್ನಿನಲ್ಲಿ:
‘ನಿಮ್ಮ ಮೊಣಕಾಲು ಹೇಗಿದೆ?
ಒಂದು ಕೇಳುತ್ತೇನೆ, ನಿಮ್ಮಲ್ಲಿ ಇನ್ನೂ ಯಾರಾದರೂ
ಸಂತೆಗೆ ಹೋಗಿ ಬೆಲೆ ಕೇಳುತ್ತಾರೆಯೆ?’

ಹಾಳೆಗಳ ನಡುವೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತೆ.
ಹದಿನೇಳು ವರ್ಷದಲ್ಲಿ
ನನ್ನನ್ನು ಯಾರಾದರೂ ವಿಚಾರಿಸಿದ್ದು ಇದೇ ಮೊದಲು.

ಬುಧವಾರ ಬೆಳಿಗ್ಗೆ ಮತ್ತೆ ಕಾಯಿಪಲ್ಲೆ ಮಾರ್ಕೆಟ್ಟು.
ಕಪ್ಪತಗುಡ್ಡದ ಕಡೆಯ ಗಾಳಿ,
ಕಾಲಿಗೆ ತೊಡರುವಷ್ಟು ಸಿಪ್ಪೆ.
ಫಾರ್ಮಿನಲ್ಲಿ ಈರುಳ್ಳಿ, ಬಾಯಲ್ಲಿ ಉಳ್ಳಾಗಡ್ಡಿ;
ಈ ದಾಟುವಿಕೆಯಲ್ಲೇ ನಾಲ್ಕಾಣೆ ಸೋರಿರಬಹುದು.
ಜನ್ನತಬಿ ಬಾಗವಾನ ತಕ್ಕಡಿ ಒರೆಸುತ್ತಿದ್ದಳು.

‘ಏನ್ರೀ ಹಡಪದ ಬಾಯಾರ, ಶನಿವಾರ ಬರ್ಕೊಂಡು ಹೋಗೀರಲ್ಲ?’
‘ಮ್ಯಾಲಿನವರು ನಂಬವಲ್ರು, ಜನ್ನತಬಿ.’
‘ಹಂಗಾರ ಯಾರಿಗೆ ಹೇಳ್ಲಿ ರೇಟು? ನಿಮಗೋ, ಸರಕಾರಕ್ಕೋ?’
‘ಎರಡು ಬ್ಯಾರೆ ಅದಾವೇನು?’
‘ನಿಮಗಾದ್ರ ಎರಡ್ರೂಪಾಯಿ ಕಮ್ಮಿ.
ಸರಕಾರ ತಗೊಳ್ಳಂಗಿಲ್ಲ, ಬರೇ ಕೇಳತೈತಿ.
ಬರೇ ಕೇಳವ್ರಿಗೆ ಯಾಕ ಕಮ್ಮಿ ಮಾಡ್ಲಿ?’

ಅಷ್ಟೇ.
ಹದಿನೇಳು ವರ್ಷದ ಶನಿವಾರಗಳು
ತಕ್ಕಡಿಯ ಖಾಲಿ ತಟ್ಟೆಯ ಹಾಗೆ ಮೇಲಕ್ಕೆದ್ದವು.
ನಾನು ಬರೆದು ಕಳಿಸಿದ್ದೆಲ್ಲ
ಕೊಳ್ಳದವರಿಗೆ ಹೇಳುವ ಬೆಲೆಯೇ?

ಒಂದು ಗಂಟೆ ಅಲ್ಲೇ ನಿಂತೆ, ಪೆನ್ನು ಕಿಸೆಯಲ್ಲಿಟ್ಟು.
ಲಕ್ಕುಂಡಿ ಬಸ್ಸಿನಿಂದ ಇಳಿದ ಮದುವೆಮನೆಯವನಿಗೆ ನಲವತ್ತು.
ಖಾನಾವಳಿ ಚೆನ್ನಮ್ಮನಿಗೆ ಮೂವತ್ನಾಲ್ಕು, ಅರ್ಧ ಉದ್ರಿ.
ಶಾಲೆಗೆ ಹೊತ್ತಾದ ಹುಡುಗಿಗೆ ಹತ್ತು ರೂಪಾಯಿಗೆ ಕೈಗೆ ಬಂದಷ್ಟು.
ಒಬ್ಬ ಮುದುಕ ಏನೂ ಕೊಳ್ಳದೆ, ಏನೂ ಕೇಳದೆ
ಒಂದು ಗಡ್ಡೆ ಎತ್ತಿ ಮೂಸಿ ಇಟ್ಟು ಹೋದ.
ಅವನನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ನಾನೂ ಒಂದು ಕಿಲೋ ಕೊಂಡೆ. ಮೂವತ್ತಾರು.
ಇದನ್ನೇ ಬರೆದರೆ ದಿಲ್ಲಿಗೆ ಖುಷಿ. ನಿಜವೂ ಹೌದು.
ಆದರೆ ಇದು ನನ್ನ ಮುಖದ ಬೆಲೆ,
ದೇಶದ್ದಲ್ಲ.

ಆಫೀಸಿನಲ್ಲಿ ಮತ್ತೆ ಮೂವತ್ತೆಂಟು ಎಂದೇ ಬರೆದು
ಪಕ್ಕದಲ್ಲಿ ಸಣ್ಣಗೆ ‘ತಾ’ ಹಾಕಿದೆ.
ತಾ ಎಂದರೆ ತಾತ್ಕಾಲಿಕ, ನಿಯಮದಂತೆ.
ಮನೆಯಲ್ಲಿ ತಾ ಎಂದರೆ ಚಾಚಿದ ಕೈ.
ಷರಾದ ಜಾಗ ನಾಲ್ಕು ಬೆರಳಗಲ;
ಅದರಲ್ಲಿ ಹಿಡಿದದ್ದು ಎರಡೇ ಪದ: ‘ಹೋಗಿ ಕೇಳಿದೆ.’

ಆ ಎರಡು ಹಾಳೆಗಳನ್ನು
‘ತಪ್ಪಿ ಬಂದದ್ದು’ ಎಂದು ಲಕೋಟೆಗೆ ಹಾಕಿ ಹಿಂದಿರುಗಿಸಿದೆ.
ಮೊಣಕಾಲಿನ ಸಾಲಿನ ಕೆಳಗೆ ‘ಹೌದು’ ಎಂದು ಬರೆಯಲು
ಕೈ ಹೋದದ್ದು ನಿಜ. ಬರೆಯಲಿಲ್ಲ.

ಮುಂದಿನ ಶನಿವಾರ ಜನ್ನತಬಿ ಕೇಳಿದಳು,
‘ನಂಬಿದ್ರೇನ್ರೀ?’
‘ಈ ವಾರದ್ದು ಹೇಳು’ ಅಂದೆ,
ಚೀಲ ಬಿಚ್ಚುತ್ತ.